ತಿಂಗಳ ಇಪ್ಪತ್ತರ ಮೇಲೆ ಬರುವ ಉಪವಾಸ

ಪ್ರಶ್ನೆ: ಮೇಡಂ, ನಾನು ಕಾರವಾರದಲ್ಲಿ ಬಿಕಾಂ ಎರಡನೇ ವರ್ಷ ಓದುತ್ತಿದ್ದೇನೆ. ಮನೆ ಅಂಕೋಲಾ ತಾಲೂಕಿನ ಸಮುದ್ರದ ಬದಿಯ ಊರು. ಅಪ್ಪ ಪರ್ಸೀನ್ ಬೋಟಿಗೆ ಕೆಲಸಕ್ಕೆ ಹೋಗುತ್ತಾರೆ, ಅಮ್ಮ ಮೀನು ಮಾರುತ್ತಾರೆ. ತಂಗಿ ಸರ್ಕಾರಿ ಕಾಲೇಜಿನಲ್ಲಿ ಸೆಕೆಂಡ್ ಪಿಯು. ನಾನು ಇಬ್ಬರು ಹುಡುಗರ ಜೊತೆ ರೂಮ್ ಮಾಡಿಕೊಂಡಿದ್ದೇನೆ. ಹೋದ ವರ್ಷದ ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ. ರಾತ್ರಿ ಊಟ ಬಿಟ್ಟು ಬಿಸ್ಕತ್ತು ತಿಂದು ಮಲಗುತ್ತೇನೆ. ಫೋನಿನಲ್ಲಿ ಒಂದು ಆಪ್‌ನಿಂದ 8000 ಸಾಲ ತೆಗೆದೆ, ಕೈಗೆ ಬಂದದ್ದು 5600. ಹದಿನೈದು ದಿನಕ್ಕೆ 8000 ಕಟ್ಟು ಅಂತ ದಿನಾ ಫೋನ್ ಬರುತ್ತದೆ. ಪರೀಕ್ಷೆ ಫೀ ಕಟ್ಟುವ ದಿನವೂ ಹತ್ತಿರ ಬಂತು. ಪುಸ್ತಕ ಹಿಡಿದರೆ ಒಂದೇ ಪುಟವನ್ನು ಹತ್ತು ಸಲ ಓದುತ್ತೇನೆ, ಏನೂ ತಲೆಗೆ ಹೋಗುವುದಿಲ್ಲ. ಪಿಯುಸಿಯಲ್ಲಿ ನನಗೆ 84 ಪರ್ಸೆಂಟ್ ಇತ್ತು. ನಾನು ಸೋಮಾರಿ ಆಗಿಬಿಟ್ಟೆನಾ? ಕಾಲೇಜು ಬಿಟ್ಟು ಗೋವಾಕ್ಕೆ ಕೆಲಸಕ್ಕೆ ಹೋಗೋಣ ಅಂದುಕೊಂಡಿದ್ದೇನೆ. ಮನೆಯಲ್ಲಿ, ರೂಮಿನಲ್ಲಿ ಯಾರಿಗೂ ಏನೂ ಹೇಳಿಲ್ಲ. ಕೆಲವು ದಿನ ಬೆಳಗಾಗುವುದೇ ಬೇಡ ಅನಿಸುತ್ತದೆ.

ಉತ್ತರ: ತಮ್ಮಾ, ನಿನ್ನ ಪತ್ರದ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಫೀ, ಸಾಲ, ಸ್ಕಾಲರ್‌ಶಿಪ್ ಎಲ್ಲ ಆಮೇಲೆ. "ಬೆಳಗಾಗುವುದೇ ಬೇಡ" ಅನ್ನುವುದು ಬೇಜಾರಿನ ಮಾತೋ, ಸಾಯುವ ಯೋಚನೆಯೇ ಬಂದು ಹೋಗುತ್ತಿದೆಯೋ, ಪತ್ರದಲ್ಲಿ ನನಗೆ ತಿಳಿಯುವುದಿಲ್ಲ. ನಿನಗೆ ತಿಳಿದಿರುತ್ತದೆ. ಎರಡನೆಯದಾದರೆ ಇದನ್ನು ಓದುವುದು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ರಾತ್ರಿ ಒಬ್ಬನೇ ಇರಬೇಡ. ರೂಮಿನವರಲ್ಲಿ ಯಾರನ್ನಾದರೂ ಎಬ್ಬಿಸಿ "ಇವತ್ತು ನನ್ನ ಜೊತೆ ಸ್ವಲ್ಪ ಎದ್ದಿರು ಮಾರಾಯ" ಅನ್ನು. ಕಾರಣ ಬೆಳಿಗ್ಗೆ ಹೇಳಿದರಾಯಿತು.

ಬರೀ ಬೇಜಾರು ಅಂತಾದರೆ, ಎಷ್ಟು ದಿನದಿಂದ ಅಂತ ಎಣಿಸು. ಎರಡು ವಾರ ದಾಟಿದೆ, ದಿನದ ಹೆಚ್ಚು ಹೊತ್ತು ಮನಸ್ಸು ಭಾರ, ನಿದ್ದೆಯೂ ಹಸಿವೂ ಕೆಟ್ಟಿವೆ, ಮೊದಲು ಓಡಿ ಹೋಗಿ ಆಡುತ್ತಿದ್ದ ಕ್ರಿಕೆಟ್ಟೂ ಈಗ ಬೇಡ ಅನಿಸುತ್ತಿದೆ ಅಂದರೆ ಡಾಕ್ಟರಿಗೆ ತೋರಿಸಬೇಕು. ಕಾರವಾರದಲ್ಲೇ ಇದ್ದೀಯ, ಕ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಊರಿಗೆ ಹೋದಾಗ ತೋರಿಸುವುದಾದರೆ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ವಿಚಾರಿಸು. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಇದೆ. ಚೀಟಿ ಮಾಡಿಸುವಾಗ ಊರಿನವರು ಯಾರಾದರೂ ನೋಡಿದರೆ? ನೋಡಲಿ. ನಿದ್ದೆ ಬರುತ್ತಿಲ್ಲ ಅನ್ನು. ಸುಳ್ಳೇನೂ ಅಲ್ಲವಲ್ಲ.

ಈಗ "ಸೋಮಾರಿ ಆದೆನಾ" ಅನ್ನುವ ಪ್ರಶ್ನೆ. ಇಪ್ಪತ್ತೆರಡು ವರ್ಷ ಅರ್ಥಶಾಸ್ತ್ರ ಪಾಠ ಮಾಡಿ, ಈಗ ಆಪ್ತಸಮಾಲೋಚನೆಗೆ ಅಂತ ಕೂತವಳು ನಾನು. ಈ ಪ್ರಶ್ನೆಯನ್ನು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಎಷ್ಟು ಮಕ್ಕಳು ಕೇಳಿದ್ದಾರೋ ಲೆಕ್ಕವಿಲ್ಲ. ಹಾಗೆ ಕೇಳಿದವರಲ್ಲಿ ನಿಜವಾದ ಸೋಮಾರಿ ಒಬ್ಬನೂ ಇರಲಿಲ್ಲ. ಸೋಮಾರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ ಇದೆ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಅವರ ಜೊತೆಯವರು ಮಾಡಿದ್ದು, 2013ರಲ್ಲಿ ಪ್ರಕಟವಾಯಿತು. ಕಬ್ಬಿನವರಿಗೆ ದುಡ್ಡು ಬರುವುದು ಕಟಾವಾದ ಮೇಲೆ. ಕಟಾವಿಗೆ ಮುಂಚೆ ಕೈ ಪೂರ್ತಿ ಖಾಲಿ, ಒಡವೆ ಅಡವು, ಅಂಗಡಿಯಲ್ಲಿ ಸಾಲ. ಈ ಸಂಶೋಧಕರು ಅದೇ ರೈತರಿಗೆ ಕಟಾವಿಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆಗಳನ್ನು ಕೊಟ್ಟರು. ಕೈ ಖಾಲಿ ಇದ್ದಾಗ ತಪ್ಪು ಜಾಸ್ತಿ, ನಿಧಾನ ಜಾಸ್ತಿ. ಮನುಷ್ಯ ಅದೇ, ತಲೆ ಅದೇ, ಜೇಬು ಮಾತ್ರ ಬೇರೆ. ನಂತರ ಬೇರೆ ಕಡೆ ನಡೆದ ಎಲ್ಲ ಪ್ರಯೋಗಗಳಲ್ಲೂ ಇದೇ ಫಲ ಬರಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ, ಅದರ ಮೇಲೆ ಪಂಡಿತರ ವಾದ ಇನ್ನೂ ಇದೆ. ಆದರೆ ನೀನು ಒಂದೇ ಪುಟವನ್ನು ಹತ್ತು ಸಲ ಓದುವುದು ಯಾಕೆ ಅಂತ ನೋಡು. ಕಣ್ಣು ಪುಟದ ಮೇಲಿದೆ, ಒಳಗೆ "ನಾಳೆ ಆ ಫೋನ್ ಬಂದರೆ ಏನು ಹೇಳಲಿ, ಬಾಡಿಗೆ ಯಾವಾಗ ಕೇಳುತ್ತಾರೋ" ಅನ್ನುವ ಲೆಕ್ಕ ಓಡುತ್ತಲೇ ಇದೆ. ಜೊತೆಗೆ ರಾತ್ರಿ ಊಟ ಇಲ್ಲ, ನಿದ್ದೆ ಅರ್ಧ. ಇಷ್ಟಿದ್ದೂ ನೀನು ಪುಸ್ತಕ ಹಿಡಿದು ಕೂರುತ್ತೀಯಲ್ಲ, ಅದು ಸೋಮಾರಿತನ ಆಗುವುದು ಹೇಗೆ?

ಇನ್ನು ನಿನ್ನ ಪತ್ರದಲ್ಲಿ ನನಗೆ ಸಾಲಕ್ಕಿಂತ ಜಾಸ್ತಿ ಚುಚ್ಚಿದ ಸಾಲು: "ಯಾರಿಗೂ ಏನೂ ಹೇಳಿಲ್ಲ."

ನನ್ನದೇ ಕಥೆ ಹೇಳುತ್ತೇನೆ. ನಮ್ಮ ಮನೆ ಸಿರ್ಸಿಯಿಂದ ಒಳಗೆ, ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರು. ಒಂದು ಎಕರೆಗೂ ಕಡಿಮೆ ಅಡಿಕೆ ತೋಟ. ಒಂದು ಮಳೆಗಾಲ ಕೊಳೆರೋಗ ಬಂತು ಅಂದರೆ ಆ ವರ್ಷದ ಫೀ ಅಲ್ಲಿಗೆ ಮುಗಿಯಿತು. ನಾನು ಡಿಗ್ರಿಗೆ ಅಂತ ಪೇಟೆಯಲ್ಲಿ ಒಬ್ಬಳ ಜೊತೆ ರೂಮಿನಲ್ಲಿದ್ದೆ. ಊಟಕ್ಕೆ ದುಡ್ಡು ಸಾಲದ ದಿನಗಳಲ್ಲಿ "ನನಗೆ ಇವತ್ತು ಸೋಮವಾರ" ಅನ್ನುತ್ತಿದ್ದೆ. ಆಮೇಲೆ ಗುರುವಾರವೂ ಸೇರಿತು, ರಾಯರ ವಾರ. ಆಮೇಲೆ ಶನಿವಾರ. ಅವಳ ಅಮ್ಮ ಒಮ್ಮೆ ಬಂದವರು ನನ್ನ ಭಕ್ತಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡು, ಉಪವಾಸದ ಹುಡುಗಿಗೆ ಅಂತ ಬಾಳೆಹಣ್ಣಿನ ಚಿಪ್ಪು ಕಳಿಸತೊಡಗಿದರು. ಅದನ್ನು ನಾನು ಕದ್ದ ಮಾಲಿನಂತೆ ತಿನ್ನುತ್ತಿದ್ದೆ. ಹೀಗೇ ಆರು ತಿಂಗಳು ನಡೆಯಿತು. ಒಂದು ದಿನ ರಾತ್ರಿ ದೀಪ ಆರಿಸಿದ ಮೇಲೆ ಅವಳು ಕೇಳಿದಳು: "ಅಲ್ವೇ, ನಿನ್ನ ದೇವರು ಯಾಕೆ ಯಾವಾಗಲೂ ತಿಂಗಳ ಇಪ್ಪತ್ತರ ಮೇಲೆಯೇ ಬರ್ತಾನೆ?"

ಕತ್ತಲಲ್ಲಿ ಇಬ್ಬರೂ ನಕ್ಕೆವು, ಆಮೇಲೆ ನಾನು ಅತ್ತೆ. ಅವತ್ತಿನಿಂದ ಇಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಮಾಡಿದೆವು. ಅವಳ ಮೆಸ್ ಖರ್ಚೂ ಉಳಿಯಿತು. ಅಂದರೆ ಅವಳಿಗೂ ಮೆಸ್ ದುಡ್ಡು ಹೊಂದಿಸುವುದು ಕಷ್ಟವೇ ಆಗಿತ್ತು, ಹೇಳಿರಲಿಲ್ಲ ಅಷ್ಟೆ.

ಇದನ್ನು ಯಾಕೆ ಹೇಳಿದೆ ಅಂದರೆ, ಬಡತನಕ್ಕೆ ಆಗುವ ಖರ್ಚು ಒಂದಾದರೆ ಅದನ್ನು ಮುಚ್ಚಿಡುವುದಕ್ಕೆ ಆಗುವ ಖರ್ಚು ಇನ್ನೊಂದು. ನಾನು ಅದಕ್ಕೆ ಮರ್ಯಾದೆ ಖರ್ಚು ಅನ್ನುತ್ತೇನೆ. ನೀನು ಬಿಕಾಂ ಹುಡುಗ, ಒಂದು ಪುಟದಲ್ಲಿ ಬರೆದು ನೋಡು. ಗೆಳೆಯನ ಬರ್ತ್‌ಡೇಗೆ ಎಲ್ಲರೂ 200 ಹಾಕಿದರು ಅಂತ ನೀನೂ ಹಾಕಿದ್ದು. ರೂಮಿನವರು ಹೊರಗೆ ತಿನ್ನೋಣ ಅಂದಾಗ ಹೋಗಿ, ನಿನ್ನ ಪಾಲು ಕೊಟ್ಟು, ಮರುದಿನ ಎರಡೂ ಹೊತ್ತು ಉಪವಾಸ ಬಿದ್ದದ್ದು. ಝೆರಾಕ್ಸ್ ಸಾಕಾಗಿದ್ದ ಕಡೆ ಪುಸ್ತಕವನ್ನೇ ಕೊಂಡದ್ದು. ಎಲ್ಲಕ್ಕಿಂತ ದೊಡ್ಡದು ಆ ಆಪ್ ಸಾಲ. ಅದನ್ನು ಯಾಕೆ ತೆಗೆದೆ? ಕೊಡುವವರು ಯಾರೂ ಇರಲಿಲ್ಲ ಅಂತಲ್ಲ. ಆಪ್ ಮುಖ ನೋಡುವುದಿಲ್ಲ, "ಯಾಕಪ್ಪಾ" ಅಂತ ಕೇಳುವುದಿಲ್ಲ, ಅದಕ್ಕೇ. 2400 ರೂಪಾಯಿ ನೀನು ಕೊಡಬೇಕಾಗಿ ಬಂದದ್ದು ಬಡ್ಡಿಗಲ್ಲ ತಮ್ಮಾ, ಬಾಯಿ ಬಿಡದೇ ಇದ್ದದ್ದಕ್ಕೆ.

ನಮ್ಮ ಜಿಲ್ಲೆಯಲ್ಲಿ ಹಿಂದಿನವರು ವಾರಾನ್ನ ಮಾಡಿ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯಲ್ಲಿ ಉಂಡು ಓದಿ ಮುಂದೆ ಬಂದರು. ಅದರಲ್ಲಿ ಅವಮಾನ ಇರಲಿಲ್ಲ ಅಂತ ಹೇಳಲಾರೆ, ಇತ್ತು, ಯಾವ ಮನೆಯಲ್ಲಿ ಯಾರಿಗೆ ಎಲ್ಲಿ ಎಲೆ ಹಾಕುತ್ತಿದ್ದರು ಅನ್ನುವ ಕಹಿಯೂ ಇತ್ತು, ಜಾತಿ ನೋಡದೆ ಎಲ್ಲರಿಗೂ ಅದು ಸಿಗುತ್ತಲೂ ಇರಲಿಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದ್ದು ಬಡವರ ಮಕ್ಕಳೂ ಇಲ್ಲೇ ಶಾಲೆ ಕಾಲೇಜು ಕಲಿಯಲಿ ಅಂತಲೇ ಅಲ್ವಾ. ಕೈ ಚಾಚಿ ಓದುವುದು ಇಲ್ಲಿ ಹೊಸದಲ್ಲ. ಕಾಸಿಲ್ಲದಿದ್ದರೂ ಇದ್ದ ಹಾಗೆ ಕಾಣಿಸಬೇಕು ಅನ್ನುವ ಹಟವೇ ಹೊಸದು.

ಸರಿ, ದುಡ್ಡಿನ ವಿಷಯ. ಮೊದಲು ಸ್ಕಾಲರ್‌ಶಿಪ್, ಯಾಕೆಂದರೆ ಅದು ನಿನ್ನದೇ ದುಡ್ಡು.

"ಬಂದಿಲ್ಲ" ಅನ್ನುವ ಮಾತಿಗೆ ಎರಡು ಅರ್ಥ. ಮಂಜೂರೇ ಆಗಿಲ್ಲ ಅನ್ನುವುದು ಒಂದು. ಮಂಜೂರಾಗಿ ಹೋಗಿದೆ, ಆದರೆ ನೀನು ನೋಡುತ್ತಿರುವ ಪಾಸ್‌ಬುಕ್ಕಿಗೆ ಬಂದಿಲ್ಲ ಅನ್ನುವುದು ಇನ್ನೊಂದು. ಎರಡನೆಯದು ನೀನು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ. ಹೊನ್ನಾವರ ಕಡೆಯ ಒಬ್ಬಳು ಹುಡುಗಿ ಒಂದು ವರ್ಷ ಇಡೀ ಆಫೀಸು ಸುತ್ತಿದಳು. ಬ್ಯಾಂಕಿನವರು "ನಿನ್ನ ಖಾತೆಗೆ ಆಧಾರ್ ಲಿಂಕ್ ಇದೆ" ಅನ್ನುತ್ತಾರೆ, ಇಲಾಖೆಯವರು "ನಾವು ಹಾಕಿದ್ದೇವೆ" ಅನ್ನುತ್ತಾರೆ. ಇಬ್ಬರು ಹೇಳಿದ್ದೂ ನಿಜ. ಕೊನೆಗೆ ನೋಡಿದರೆ, ಒಂದು ಸಲ ಮನೆ ಬಾಗಿಲಿಗೆ ಬಂದ ಅಂಚೆಯವರ ಹತ್ತಿರ ಅವಳು ಬೆರಳು ಒತ್ತಿ ಒಂದು ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿದ್ದಳು, ಆಮೇಲೆ ಮರೆತಿದ್ದಳು. ದುಡ್ಡು ಒಂದು ವರ್ಷದಿಂದ ಅಲ್ಲಿ ಸುಮ್ನೆ ಕೂತಿತ್ತು. ಆ ಹುಡುಗಿ ಅಷ್ಟು ದಿನ ಮಧ್ಯಾಹ್ನ ನೀರು ಕುಡಿದು ಲೈಬ್ರರಿಯಲ್ಲಿ ಕೂತಿರುತ್ತಿದ್ದಳು.

ಆದದ್ದು ಇಷ್ಟು. ಸರ್ಕಾರದ ದುಡ್ಡು ನೀನು ಅರ್ಜಿಯಲ್ಲಿ ಬರೆದ ಖಾತೆ ನಂಬರ್ ಹಿಡಿದು ಹೋಗುವುದಿಲ್ಲ, ನಿನ್ನ ಆಧಾರ್ ನಂಬರ್ ಹಿಡಿದು ಹೋಗುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಅನ್ನುವ ಪಟ್ಟಿ ಎನ್‌ಪಿಸಿಐ ಹತ್ತಿರ, ಅಂದರೆ ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಸಂಸ್ಥೆಯ ಹತ್ತಿರ ಇದೆ. ಒಂದು ಆಧಾರ್‌ಗೆ ಒಂದು ಹೊತ್ತಿಗೆ ಒಂದೇ ಬ್ಯಾಂಕು. ಕೊನೆಗೆ ಜೋಡಿಸಿದ್ದು ಯಾವುದೋ ಅದೇ ಲೆಕ್ಕ. ಖಾತೆಗೆ ಗುರುತಿನ ದಾಖಲೆಯಾಗಿ ಆಧಾರ್ ಕೊಡುವುದೇ ಬೇರೆ, ಈ ಪಟ್ಟಿಗೆ ಜೋಡಿಸುವುದೇ ಬೇರೆ. ಕೌಂಟರಿನಲ್ಲಿ "ಆಧಾರ್ ಲಿಂಕ್ ಆಗಿದೆಯಾ" ಅಂತ ಕೇಳಿದರೆ ಹೌದು ಅನ್ನುತ್ತಾರೆ. "ಎನ್‌ಪಿಸಿಐ ಸೀಡಿಂಗ್ ಆಗಿದೆಯಾ" ಅಂತಲೇ ಕೇಳು. ಅದಕ್ಕೂ ಮುಂಚೆ ಫೋನಿನಲ್ಲಿ ಡಿಬಿಟಿ ಕರ್ನಾಟಕ ಆಪ್ ಹಾಕಿಕೊಂಡು ಆಧಾರ್ ನಂಬರ್ ಕೊಟ್ಟು ನೋಡು. ಯಾವ ಯೋಜನೆಯ ದುಡ್ಡು ಯಾವ ತಾರೀಕಿಗೆ ಯಾವ ಬ್ಯಾಂಕಿಗೆ ಹೋಯಿತು ಅಂತ ತೋರಿಸುತ್ತದೆ. ಹತ್ತು ನಿಮಿಷದ ಕೆಲಸ.

ಅಲ್ಲಿ ಏನೂ ಇಲ್ಲದಿದ್ದರೆ ರಾಜ್ಯದ ಸ್ಕಾಲರ್‌ಶಿಪ್ ಅರ್ಜಿಗಳ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಎಲ್ಲಿ ನಿಂತಿದೆ ನೋಡು. ನಾನು ಕಂಡ ಮಟ್ಟಿಗೆ ಅರ್ಜಿ ನಿಲ್ಲುವುದು ಸಣ್ಣ ಕಾರಣಕ್ಕೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನಿಶಿಯಲ್ ಸೇರಿ ಇನ್ನೊಂದು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಇಲ್ಲವೇ ಕಾಲೇಜಿನಲ್ಲಿ ದಾಖಲೆ ಪರಿಶೀಲನೆ ಆಗದೆ ಉಳಿದಿರುತ್ತದೆ. ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ನೋಡಿಕೊಳ್ಳುವ ಗುಮಾಸ್ತರು ಒಬ್ಬರು ಇರುತ್ತಾರೆ. ಅವರ ಹತ್ತಿರ ಬೆಳಿಗ್ಗೆಯೇ ಹೋಗು, ಅರ್ಜಿಯ ಪ್ರಿಂಟ್ ಹಿಡಿದುಕೊಂಡು ಹೋಗು, ಬರಿಗೈಯಲ್ಲಿ ಹೋಗಿ "ಸರ್ ದುಡ್ಡು ಬಂದಿಲ್ಲ" ಅಂದರೆ "ಬರುತ್ತೆ ಹೋಗು" ಅನ್ನುತ್ತಾರೆ. ಅವರದ್ದೂ ತಪ್ಪಲ್ಲ, ನೂರಾರು ಮಕ್ಕಳಿಗೆ ಒಬ್ಬರು.

ನೀನು ಹಾಸ್ಟೆಲ್‌ನಲ್ಲಿಲ್ಲ, ರೂಮಿನಲ್ಲಿದ್ದೀಯ. ಬಿಸಿಎಂ, ಅಂದರೆ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೆಯಾ? ಪತ್ರದಲ್ಲಿ ಬರೆದಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಅಂತಲೇ ವಿದ್ಯಾಸಿರಿ ಇದೆ. ಊಟ ವಸತಿಗೆ ತಿಂಗಳಿಗೆ 1500ರಂತೆ ಹತ್ತು ತಿಂಗಳು ಅಂತ ಶುರುವಾದ ಯೋಜನೆ ಅದು. ಇದರ ಜೊತೆ 2021ರಲ್ಲಿ ರೈತ ವಿದ್ಯಾನಿಧಿ ಬಂತು, ಡಿಗ್ರಿ ಓದುವ ಹುಡುಗರಿಗೆ ವರ್ಷಕ್ಕೆ 5000, ಹುಡುಗಿಯರಿಗೆ 5500 ಅಂತ. ಆಮೇಲೆ ಅದನ್ನು ಮೀನುಗಾರರ ಮಕ್ಕಳಿಗೂ ವಿಸ್ತರಿಸಿದರು. ನಮ್ಮ ಕರಾವಳಿಯ ಎಷ್ಟೋ ಮಕ್ಕಳು "ರೈತ" ಅನ್ನುವ ಹೆಸರು ನೋಡಿಯೇ ನಮಗಲ್ಲ ಅಂತ ಬಿಟ್ಟುಬಿಡುತ್ತಾರೆ. ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಈ ವರ್ಷದ್ದು ಹೇಗೆ, ಅಪ್ಪನ ಯಾವ ದಾಖಲೆ ಬೇಕು ಅಂತ ಕೇಳು.

ಆಪ್ ಸಾಲಕ್ಕೆ ಬರುತ್ತೇನೆ. ಕೈಗೆ 5600, ಹದಿನೈದು ದಿನಕ್ಕೆ 8000. ನೂರಕ್ಕೆ ಸುಮಾರು 43 ರೂಪಾಯಿ ಬಡ್ಡಿ, ಅದೂ ಅರ್ಧ ತಿಂಗಳಿಗೆ. ಅಮ್ಮನ ಕಿವಿಯ ಓಲೆಯನ್ನು ಊರಿನ ಸೊಸೈಟಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ ಆಗುವ ಬಡ್ಡಿ ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಮೊದಲು ಆರ್‌ಬಿಐ ವೆಬ್‌ಸೈಟಿಗೆ ಹೋಗಿ ಆ ಆಪ್ ಅವರ ಪಟ್ಟಿಯಲ್ಲಿ ಇದೆಯಾ ನೋಡು. 2025ರ ಜುಲೈನಿಂದ ಸಾಲದ ಆಪ್‌ಗಳ ಪಟ್ಟಿಯನ್ನು ಅವರು ಅಲ್ಲಿ ಹಾಕಿದ್ದಾರೆ. ಆರ್‌ಬಿಐ ನಿಯಮದ ಪ್ರಕಾರ ಸಾಲ ಕೊಡುವವರು ಬ್ಯಾಂಕ್ ಅಥವಾ ನೋಂದಾಯಿತ ಹಣಕಾಸು ಸಂಸ್ಥೆ ಆಗಿರಬೇಕು, ಒಟ್ಟು ಬಡ್ಡಿ ಖರ್ಚು ಎಷ್ಟು ಅಂತ ಮೊದಲೇ ಬರೆದು ಕೊಡಬೇಕು, ನಿನ್ನ ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೋ ಮುಟ್ಟುವ ಹಾಗಿಲ್ಲ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ಫೋನ್ ಮಾಡುವಂತಿಲ್ಲ.

ಪಟ್ಟಿಯಲ್ಲಿದ್ದರೆ ಸಾಲ ತೀರಿಸಬೇಕು, ಕಂತು ಮಾಡಿಕೊಡಿ ಅಂತ ಲಿಖಿತದಲ್ಲಿ ಕೇಳು, ಕಿರುಕುಳ ಕೊಟ್ಟರೆ ಆರ್‌ಬಿಐನ 14448ಕ್ಕೆ ಫೋನ್ ಮಾಡಿ ದೂರು ಕೊಡುವುದು ಹೇಗೆ ಅಂತ ಕೇಳು. ಪಟ್ಟಿಯಲ್ಲಿ ಇಲ್ಲ, "ನಿನ್ನ ಫೋಟೋ ಎಡಿಟ್ ಮಾಡಿ ಎಲ್ಲರಿಗೂ ಕಳಿಸುತ್ತೇವೆ" ಅನ್ನುವ ಜಾತಿ ಅಂತಾದರೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಪೊಲೀಸ್ ಠಾಣೆಗೂ ಹೋಗು. 2025ರಲ್ಲಿ ನಮ್ಮ ರಾಜ್ಯದಲ್ಲೇ ಸಾಲ ವಸೂಲಿಯ ಕಿರುಕುಳಕ್ಕೆ ಹತ್ತು ವರ್ಷದವರೆಗೆ ಜೈಲು ಅನ್ನುವ ಕಾನೂನು ಬಂದಿದೆ. ಒಂದು ಮಾತ್ರ ಯಾವ ಕಾರಣಕ್ಕೂ ಮಾಡಬೇಡ: ಈ ಸಾಲ ತೀರಿಸಲು ಇನ್ನೊಂದು ಆಪ್. ಮೂರು ತಿಂಗಳಲ್ಲಿ ಹನ್ನೊಂದು ಆಪ್ ಮಾಡಿಕೊಂಡು ಬಂದವನನ್ನು ನೋಡಿದ್ದೇನೆ. ಅವನು ಮೊದಲು ತೆಗೆದದ್ದು 3000.

ಅವರ ದೊಡ್ಡ ಆಯುಧ ನಿನ್ನ ಗುಟ್ಟು. "ಮನೆಯವರಿಗೆ ಹೇಳುತ್ತೇವೆ" ಅನ್ನುವುದು ಬೆದರಿಕೆ ಆಗುವುದು ಮನೆಯವರಿಗೆ ಗೊತ್ತಿಲ್ಲದಿದ್ದರೆ ಮಾತ್ರ. ಅದಕ್ಕೇ ಈ ಶನಿವಾರ ಊರಿಗೆ ಹೋಗು. ಅಪ್ಪನಿಗೆ ನೇರ ಹೇಳಲು ಆಗದಿದ್ದರೆ ಅಮ್ಮನಿಗೆ ಹೇಳು, ಅವರು ಮೀನು ಮಾರಿ ಬಂದು ಬುಟ್ಟಿ ತೊಳೆಯುವ ಹೊತ್ತಿಗೆ, ಪಕ್ಕದಲ್ಲಿ ಕೂತು. ಬೈಯುತ್ತಾರೆ. ಬೈಗುಳ ಹತ್ತು ನಿಮಿಷ ಇರುತ್ತದೆ, ಆಮೇಲೆ "ಉಂಡೆಯಾ" ಅಂತ ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಸಾಲ ಯಾರಿಗೂ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, 61 ದಿನ ಪಾಲು ಇಲ್ಲ, ಕಾಲೇಜಿನ ಅಡ್ಮಿಷನ್ ಬರುವುದೂ ಸುಮಾರಿಗೆ ಅದೇ ಹೊತ್ತಿಗೆ. ಪ್ರತಿ ವರ್ಷ ಆ ಎರಡು ತಿಂಗಳನ್ನು ದಾಟಿಸಿದವರು ನಿನ್ನ ಅಪ್ಪ ಅಮ್ಮ. ದುಡ್ಡಿಲ್ಲದ ದಿನ ನಡೆಸುವುದರಲ್ಲಿ ಅವರು ನನಗಿಂತ ದೊಡ್ಡ ತಜ್ಞರು. ಅವರನ್ನು ಕೇಳದೆ ನನ್ನನ್ನು ಕೇಳಿದ್ದೀಯ, ನೋಡು. ಹಾಂ, ಮೀನುಗಾರಿಕೆ ಇಲ್ಲದ ತಿಂಗಳಿಗೆ ಅಂತ ಉಳಿತಾಯ ಮತ್ತು ಪರಿಹಾರ ಯೋಜನೆ ಒಂದಿದೆ. ಮೀನುಗಾರ 1500 ಕಟ್ಟಿದರೆ ಸರ್ಕಾರದ ಕಡೆಯಿಂದ 3000 ಸೇರಿಸಿ ಕೊಡುವುದು. ಅಪ್ಪ ಅದರಲ್ಲಿ ಇದ್ದಾರಾ ಅಂತ ಇಲಾಖೆಗೆ ಹೋದಾಗ ಅದನ್ನೂ ಕೇಳಿ ಬಾ.

ಊರಿಂದ ಬರುವಾಗ ಅಕ್ಕಿ ತಾ. ಬಿಸ್ಕತ್ತು ತಿಂದು ಮಲಗುವುದನ್ನು ಇವತ್ತಿಗೇ ನಿಲ್ಲಿಸಬೇಕು. ಬಿಸ್ಕತ್ತಿನ ಸಕ್ಕರೆ ಸ್ವಲ್ಪ ಹೊತ್ತು ಹಸಿವು ಮುಚ್ಚುತ್ತದೆ, ಆಮೇಲೆ ರಾತ್ರಿ ಎರಡು ಮೂರಕ್ಕೆ ಎಚ್ಚರ. ಎಚ್ಚರ ಆದರೆ ಚಿಂತೆ, ಮತ್ತೆ ನಿದ್ದೆ ಇಲ್ಲ. ರೂಮಿನಲ್ಲಿ ಮೂವರಿದ್ದೀರಿ, ಒಂದು ಸಣ್ಣ ಒಲೆ, ಒಂದು ಕುಕ್ಕರ್ ಆಗುವುದಿಲ್ಲವಾ? ಕುಚ್ಚಲಕ್ಕಿ ಗಂಜಿ, ಅಮ್ಮ ಮಾಡಿ ಕೊಡುವ ಒಣ ಶೆಟ್ಲಿ (ಸೀಗಡಿ) ಚಟ್ನಿ ಒಂದು ಡಬ್ಬ. ರೂಮಿನವರಲ್ಲಿ ಯಾರಾದರೂ ಮೀನು ತಿನ್ನದವರಿದ್ದರೆ ಅವರಿಗೆ ಉಪ್ಪಿನಕಾಯಿ. ಇಂದಿರಾ ಕ್ಯಾಂಟೀನ್ ಹತ್ತಿರ ಇದ್ದರೆ ತಿಂಡಿ 5 ರೂಪಾಯಿ, ಊಟ 10. ಅಲ್ಲಿ ಸಾಲಿನಲ್ಲಿ ನಿಲ್ಲಲು ನಾಚಿಕೆ ಅಂತಾದರೆ ಮೇಲಿನ ಮರ್ಯಾದೆ ಖರ್ಚಿನ ಪುಟಕ್ಕೆ ಅದನ್ನೂ ಸೇರಿಸು. ರೂಮ್ ಬಾಡಿಗೆಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡು. ನಿಮ್ಮ ಊರಿಂದ ಬಸ್ ಪಾಸಿನಲ್ಲಿ ಓಡಾಡಿದರೆ ಬಾಡಿಗೆ ಉಳಿಯುತ್ತದೆ, ಮನೆ ಊಟ ಸಿಗುತ್ತದೆ, ಆದರೆ ದಿನಕ್ಕೆ ಎರಡು ಮೂರು ತಾಸು ಬಸ್ಸಿನಲ್ಲಿ ಹೋಗುತ್ತದೆ. ನಾನಾದರೆ ಈ ಸೆಮಿಸ್ಟರ್ ಅದನ್ನೇ ಮಾಡುತ್ತಿದ್ದೆ. ನಿನಗೆ ಈಗ ತಾಸಿಗಿಂತ ರಾತ್ರಿ ಊಟವೂ ಒಬ್ಬರ ಜೊತೆ ಮಾತೂ ಮುಖ್ಯ.

ಪರೀಕ್ಷೆ ಫೀ. ನೋಟಿಸ್ ಬೋರ್ಡಿನಲ್ಲಿ ಎರಡು ತಾರೀಕು ಇರುತ್ತದೆ, ದಂಡವಿಲ್ಲದೆ ಒಂದು, ದಂಡಸಹಿತ ಇನ್ನೊಂದು. ಎರಡನ್ನೂ ಬರೆದುಕೊ. ಮೊದಲ ತಾರೀಕಿಗೆ ಒಂದು ವಾರ ಇರುವಾಗಲೇ ಪ್ರಿನ್ಸಿಪಾಲರಿಗೆ ಅರ್ಜಿ ಕೊಡು, ಅರ್ಧ ಪುಟ ಸಾಕು: ಸ್ಕಾಲರ್‌ಶಿಪ್ ಬಾಕಿ ಇದೆ, ಇಷ್ಟು ಕಟ್ಟಲು ಆಗುತ್ತದೆ, ಉಳಿದದ್ದಕ್ಕೆ ಇಷ್ಟು ದಿನ ಬೇಕು, ವಿದ್ಯಾರ್ಥಿ ಸಹಾಯ ನಿಧಿ ಇದ್ದರೆ ಪರಿಗಣಿಸಬೇಕು. ನಮ್ಮ ಕಡೆಯ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಒಂದು ಸಂಗತಿ ನಡೆಯುತ್ತದೆ, ಅದು ಹೊರಗೆ ಗೊತ್ತಾಗುವುದಿಲ್ಲ. ಫೀ ಕಟ್ಟುವ ಕೊನೆಯ ದಿನ ಯಾರೋ ಒಬ್ಬ ಲೆಕ್ಚರರ್ ಆಫೀಸಿಗೆ ಹೋಗಿ "ಆ ಹುಡುಗನದ್ದು ನಾನು ಕಟ್ಟುತ್ತೇನೆ, ಹೆಸರು ಹೇಳಬೇಡಿ" ಅನ್ನುತ್ತಾರೆ. ನಾನೂ ಕಟ್ಟಿದ್ದೇನೆ, ನನ್ನದನ್ನೂ ಒಮ್ಮೆ ಯಾರೋ ಕಟ್ಟಿದ್ದರು, ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಯಾರ ಫೀ ಬಾಕಿ, ಯಾಕೆ ಬಾಕಿ ಅಂತ ಅವರಿಗೆ ಗೊತ್ತಾಗಬೇಕಲ್ಲ. ಕ್ಲಾಸಿಗೆ ಬಾರದೆ ತಪ್ಪಿಸಿಕೊಂಡು ತಿರುಗುವ ಹುಡುಗನನ್ನು ಅವರು ಉಂಡಾಡಿ ಅಂದುಕೊಳ್ಳುತ್ತಾರೆ.

ಗೋವಾ ವಿಷಯ. ಕೆಲಸಕ್ಕೆ ಹೋಗುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಬೆಳಗಿನ ಹೊತ್ತು ಕಾರವಾರ ಸ್ಟೇಷನ್ನಿನಿಂದ ಮಡಗಾಂವ್ ಕಡೆ ಹೋಗುವ ರೈಲಿನಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ, ಎಷ್ಟು ಮನೆಯ ಒಲೆ ಅಲ್ಲಿಂದ ಉರಿಯುತ್ತಿದೆ ಅಂತ. ನನ್ನ ತಕರಾರು ಸಮಯದ್ದು. ಹೊಟ್ಟೆ ಹಸಿದು, ನಿದ್ದೆಗೆಟ್ಟು, ಫೋನ್ ರಿಂಗ್ ಆದರೆ ಎದೆ ಹೊಡೆದುಕೊಳ್ಳುವಾಗ ಮಾಡುವ ತೀರ್ಮಾನ ನಿನ್ನದಲ್ಲ, ಆ ಸಾಲದವನದ್ದು. ಈ ಪರೀಕ್ಷೆ ಬರೆ. ಎರಡು ವಿಷಯ ಉಳಿದರೂ ಉಳಿಯಲಿ, ಆದರೆ ಬರೆ. ಮುಗಿದು ಒಂದು ತಿಂಗಳು ಕಳೆದ ಮೇಲೂ ಹೋಗಬೇಕು ಅನಿಸಿದರೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸುವ ದಾರಿ ವಿಚಾರಿಸಿಕೊಂಡು ಹೋಗು. ಫೀ ಬಾಕಿ ಅಂತ ನಿನ್ನ ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ, ಯುಜಿಸಿ 2018ರಲ್ಲೇ ಅದನ್ನು ಸ್ಪಷ್ಟ ಮಾಡಿದೆ.

ಈಗಲೇ ನಾಲ್ಕು ಕಾಸು ಬೇಕು ಅಂದರೆ, ಮದುವೆ ಊಟ ಬಡಿಸುವ ಕೆಲಸ, ಶನಿವಾರ ಭಾನುವಾರ ಗೋಕರ್ಣದ ಹೋಮ್‌ಸ್ಟೇ ಕೆಲಸ ಎಲ್ಲ ಇದೆ, ಕೈಗೆ ಅವತ್ತೇ ದುಡ್ಡು ಬರುತ್ತದೆ. ಆದರೆ ರಾತ್ರಿ ಒಂದಕ್ಕೆ ಪಾತ್ರೆ ಎತ್ತಿಟ್ಟು ಸೋಮವಾರ ಕ್ಲಾಸಿನಲ್ಲಿ ತೂಕಡಿಸುತ್ತೀಯ. ನಿನಗೆ 84 ಬಂದಿತ್ತು ಅಂದೆಯಲ್ಲ. ಪಿಯುಸಿ ಮಕ್ಕಳಲ್ಲಿ ಅಕೌಂಟೆನ್ಸಿಗೆ ಹೆದರುವವರು ಬೇಕಾದಷ್ಟು ಇದ್ದಾರೆ. ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಸರಿ ಹೊಂದದೆ ಅಳುವ ಇಬ್ಬರು ಮಕ್ಕಳನ್ನು ಹಿಡಿ, ಸಂಜೆ ಒಂದು ತಾಸು. ನಿನ್ನ ಓದೂ ಅದರಲ್ಲೇ ಆಗುತ್ತದೆ.

ಸೋಮವಾರ ಡಿಬಿಟಿ ಆಪ್‌ನಲ್ಲಿ ಏನು ಕಂಡಿತು ಅಂತ ನನಗೆ ಬರೆ. ಕಂಡದ್ದನ್ನು ಹಾಗೇ ಬರೆದರೆ ಸಾಕು, ಅಲ್ಲಿಂದ ಮುಂದೆ ಯಾವ ಆಫೀಸು ಅಂತ ಹೇಳುತ್ತೇನೆ.

ಮತ್ತೆ ನಿನ್ನ ತಂಗಿ. ಹತ್ತನೇ ಕ್ಲಾಸು, ಪಿಯುಸಿ ಎರಡನ್ನೂ ಅವಳು ಸರ್ಕಾರಿಯಲ್ಲೇ ಓದಿದ್ದರೆ, ಡಿಗ್ರಿಗೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ಕೊಡುವ ದೀಪಿಕಾ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸು, ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದ್ದು. ಬಸ್ಸಿಗೆ ಅವಳಿಗೆ ಶಕ್ತಿ ಯೋಜನೆ ಹೇಗೂ ಇದೆ. ಈ ಶನಿವಾರ ಊರಿಗೆ ಹೋದಾಗ ಅವಳ ಆಧಾರ್ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತಲೂ ನೋಡು. ಅಂಚೆಯವರ ಹತ್ತಿರ ಅವಳೂ ಬೆರಳು ಒತ್ತಿದ್ದಾಳಾ ಅಂತ ಕೇಳು.